ಶಾಸನ ಬರೆಸಿದುದು ಯಾರಿಗಾಗಿ?

ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಜಮೀನಿನ ಹಳೆಯ ಕ್ರಯಪತ್ರವೊಂದಿದ್ದರೆ ಒಮ್ಮೆ ಹೊರತೆಗೆದು ನೋಡಿ. ಕೊಟ್ಟವರ ಹೆಸರು, ಕೊಂಡವರ ಹೆಸರು, ಹಣದ ಮೊಬಲಗು ಎಲ್ಲ ಮುಗಿದ ಮೇಲೆ ‘ಚಕ್ಕುಬಂದಿ’ ಎಂದು ನಾಲ್ಕು ಸಾಲುಗಳಿರುತ್ತವೆ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಹುಣಿಸೆಮರ. ಪತ್ರದ ಮಿಕ್ಕ ಭಾಗವನ್ನು ವಕೀಲರು ಕುರ್ಚಿಯಲ್ಲಿ ಕುಳಿತು ಓದಲಿ. ಈ ನಾಲ್ಕು ಸಾಲು ಮಾತ್ರ ಬದುವಿನ ಮೇಲೆ ನಿಂತು ಓದತಕ್ಕವು.

ಈ ಏರ್ಪಾಡು ನಮ್ಮ ನಾಡಿನಲ್ಲಿ ಬಹು ಹಳೆಯದು. ನಾಗಮಂಗಲ ಸೀಮೆಯ ದೇವರಹಳ್ಳಿಯ ತಾಮ್ರಪಟಗಳು 776ನೆಯ ಇಸವಿಯವು. ಕುಂದಾಚ್ಚಿ ಎಂಬಾಕೆ ಶ್ರೀಪುರದಲ್ಲಿ ಕಟ್ಟಿಸಿದ ಲೋಕತಿಲಕವೆಂಬ ಜಿನಾಲಯಕ್ಕೆ ಗಂಗರ ಅರಸ ಶ್ರೀಪುರುಷನು ಪೊನ್ನಳ್ಳಿ ಎಂಬ ಊರನ್ನು ದಾನವಿತ್ತ ಸಂಗತಿ ಅದರಲ್ಲಿದೆ. ಕೊಂಗುಣಿವರ್ಮನಿಂದ ಮೊದಲ್ಗೊಂಡು ರಾಜರ ಹೊಗಳಿಕೆಯೆಲ್ಲ ಸಂಸ್ಕೃತ. ದೀರ್ಘ ಸಮಾಸಗಳ ಮೆರವಣಿಗೆ. ಎಲ್ಲೆಯ ವಿಚಾರ ಬಂದೊಡನೆ ಬರೆದವನ ಧ್ವನಿಯೇ ಬದಲಾಗುತ್ತದೆ. ದಿಕ್ಕಿನ ಹೆಸರುಗಳು ಸಂಸ್ಕೃತದಲ್ಲಿಯೇ ಉಳಿಯುತ್ತವೆ, ಗುರುತುಗಳು ಮಾತ್ರ ಕನ್ನಡಕ್ಕಿಳಿಯುತ್ತವೆ. ಪೂರ್ವದಲ್ಲಿ ಒಂದು ‘ಬೆಳ್ಗಲ್ಮೊರಡಿ’, ಎಂದರೆ ಬಿಳಿಗಲ್ಲಿನ ದಿಣ್ಣೆ; ಮುಂದೆ ಕೆರೆ, ಹಳ್ಳ.

ಆ ಪಂಡಿತನಿಗೆ ಬೆಳ್ಗಲ್ಲನ್ನು ‘ಶ್ವೇತಪಾಷಾಣ’ ಮಾಡುವುದು ಕಷ್ಟವಾಗಿತ್ತೆ? ಕ್ಷಣದ ಕೆಲಸ. ಮಾಡಲಿಲ್ಲವೇಕೆಂದರೆ, ನಾಳೆ ಎಲ್ಲೆಯ ಜಗಳ ಬಂದಾಗ ಸಾಕ್ಷಿಗೆ ಬರುವವರು ಊರ ಒಕ್ಕಲುಗಳು. ಓದಿ ಹೇಳಿದರೆ ಸಾಕು, ಬೆಳ್ಗಲ್ಮೊರಡಿ ಯಾವುದೆಂದು ದನ ಕಾಯುವ ಹುಡುಗನೂ ಕೈ ಎತ್ತಿ ತೋರಿಸಿಯಾನು. ಶ್ವೇತಪಾಷಾಣವೆಂದರೆ ಅವನು ತಲೆ ಕೆರೆದುಕೊಂಡಾನು. ಅಷ್ಟರಲ್ಲಿ ನೆರೆಯವನ ನೇಗಿಲು ದೇವರ ಗದ್ದೆಯೊಳಗೆ ಎರಡು ಸಾಲು ಬಂದಿದ್ದೀತು.

ಕಲ್ಲಿನ ಶಾಸನಗಳಲ್ಲಿ ಇನ್ನೊಂದು ಬಗೆಯ ಓದುಗನೂ ಉಂಟು: ಅಕ್ಷರವನ್ನೇ ಅರಿಯದವನು. ಮೇಲ್ಗಡೆ ಸೂರ್ಯ ಚಂದ್ರರು, ಕರುವಿಗೆ ಹಾಲೂಡುವ ಹಸು, ಲಿಂಗ ಅಥವಾ ಜಿನಬಿಂಬ. ಎಲ್ಲೆಯಲ್ಲಿ ನೆಟ್ಟ ಕಲ್ಲಿಗೆ ಜೈನದತ್ತಿಯಾದರೆ ಮುಕ್ಕೊಡೆ, ಬ್ರಾಹ್ಮಣರ ದತ್ತಿಯಾದರೆ ಕೊಡೆ ಹಿಡಿದ ವಾಮನ. ಇದು ದತ್ತಿಯ ನೆಲ, ಸೂರ್ಯ ಚಂದ್ರರಿರುವವರೆಗೂ ನಡೆಯತಕ್ಕದ್ದು ಎಂಬುದನ್ನು ನೋಡಿಯೇ ತಿಳಿಯಬಹುದಾಗಿತ್ತು. ಕೊನೆಯ ಶಾಪದ ಶ್ಲೋಕಗಳು ಮಾತ್ರ ಸಾಮಾನ್ಯವಾಗಿ ಸಂಸ್ಕೃತ. ಅವು ಮುಂದೆ ಬರುವ ಅರಸರಿಗೆ ಹೇಳಿದ ಮಾತು. ದಾನವನ್ನು ಕಿತ್ತುಕೊಳ್ಳುವ ಶಕ್ತಿಯಿದ್ದುದು ಅವರಿಗೆ ತಾನೆ!

ನಾನೂ ಬಹುಕಾಲ ವಂಶಾವಳಿಯನ್ನೇ ಓದಿ ಎಲ್ಲೆಯ ಸಾಲುಗಳನ್ನು ದಾಟಿಬಿಡುತ್ತಿದ್ದೆ. ಒಮ್ಮೆ ಶಿಷ್ಯನೊಬ್ಬನ ತಂದೆ ತಮ್ಮ ಕ್ರಯಪತ್ರ ತಂದು, “ಮೇಷ್ಟ್ರೇ, ಇದನ್ನೊಂದಿಷ್ಟು ಓದಿ ಹೇಳ್ಬೇಕು” ಎಂದರು. ನೆರೆಯವರೊಡನೆ ವ್ಯಾಜ್ಯ ಹುಟ್ಟಿತ್ತು. ಓದಿದೆ, ಅವರೊಡನೆ ಹೊಲಕ್ಕೂ ಹೋದೆ. ದಕ್ಷಿಣಕ್ಕೆ ಹುಣಿಸೆಮರವೆಂದು ಸ್ಪಷ್ಟವಾಗಿ ಬರೆದಿತ್ತು, ಮರವಿರಲಿಲ್ಲ. ಪತ್ರ ಹಿಡಿದು ನಾನು ನಿಂತೇ ಇದ್ದೆ. ಪಕ್ಕದ ಹೊಲದಲ್ಲಿ ಕಳೆ ಕೀಳುತ್ತಿದ್ದ ಮುದುಕಿಯೊಬ್ಬಳು ಎದ್ದು ಬಂದಳು. “ಆ ಮರದ ಹಣ್ಣು ತಿಂದೇ ಬೆಳೆದೋಳು ಕಣಪ್ಪ ನಾನು” ಎಂದು ಹೇಳಿ, ಕುಡುಗೋಲಿನ ತುದಿಯಿಂದ ನೆಲದ ಮೇಲೆ ಒಂದು ಗೆರೆ ಎಳೆದಳು.