ನಿಂತ ಹಳೇ ಗಾಡಿಯನ್ನು ಆಗಾಗ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಎಂಜಿನ್ ಉಳಿಯುತ್ತದೆಯೇ?

ಬಳಸದ ಗಾಡಿಯನ್ನು ವಾರಕ್ಕೆರಡು ಸಲ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಎಂಜಿನ್ ಹಾಳಾಗುವುದೇ ಇಲ್ಲ ಎಂಬ ಸಲಹೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಆಗಾಗ ಬರುತ್ತಿರುತ್ತದೆ. ದೂರದ ಊರಿನಲ್ಲಿರುವ ಮಕ್ಕಳು ಫೋನ್ ಮಾಡಿ "ಅಪ್ಪಾ, ಮಾರುತಿನ ಒಂದೈದು ನಿಮಿಷ ಆನ್ ಮಾಡಿಡಿ" ಎನ್ನುವುದೂ ಇದನ್ನು ನಂಬಿಯೇ. ಉದ್ದೇಶ ಒಳ್ಳೆಯದು. ಆದರೆ ಹಳೆಯ ಎಂಜಿನ್‌ಗೆ ಇದರಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು. ಕಾರಣ, ನೀರು.

ಎಂಜಿನ್ ಒಳಗೆ ನೀರೆಲ್ಲಿಂದ ಬಂತು? ಪೆಟ್ರೋಲ್ ಉರಿಯುವಾಗ ಅದರಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ನೀರಾವಿಯಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹುಟ್ಟುವ ನೀರು ಹೆಚ್ಚುಕಡಿಮೆ ಒಂದು ಲೀಟರ್! ಚಳಿಗಾಲದ ಬೆಳಿಗ್ಗೆ ಸೈಲೆನ್ಸರ್‌ನಿಂದ ಹನಿ ತೊಟ್ಟಿಕ್ಕುವುದನ್ನು ನೀವೂ ನೋಡಿರುತ್ತೀರಿ. ಬಹುಪಾಲು ಹೀಗೆ ಹೊರಗೆ ಹೋದರೂ ಸ್ವಲ್ಪ ಭಾಗ ಪಿಸ್ಟನ್ ರಿಂಗ್‌ಗಳ ಸಂದಿಯಿಂದ ಕೆಳಗಿನ ಆಯಿಲ್‌ಗೆ ಇಳಿಯುತ್ತದೆ. ರಿಂಗ್ ಸವೆದ ಹಳೆಯ ಎಂಜಿನ್‌ನಲ್ಲಿ ಇದು ಇನ್ನೂ ಹೆಚ್ಚು.

ಗಾಡಿ ರಸ್ತೆಯಲ್ಲಿ ಓಡಿ, ಆಯಿಲ್ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾದರೆ ಈ ನೀರು ಆವಿಯಾಗಿ ಹೋಗುತ್ತದೆ. ನಿಂತಲ್ಲೇ ಐದು ನಿಮಿಷ ಓಡಿದರೆ ಆಯಿಲ್ ಬೆಚ್ಚಗಾಗುತ್ತದೆ, ಅಷ್ಟೇ. ಟೆಂಪರೇಚರ್ ಮುಳ್ಳು ಏರಿತಲ್ಲ ಎನ್ನಬಹುದು. ಅದು ತೋರಿಸುವುದು ಕೂಲೆಂಟ್‌ನ ಬಿಸಿಯನ್ನು, ಆಯಿಲ್ ಕಾಯುವುದು ಅದಕ್ಕಿಂತ ನಿಧಾನ. ಜೊತೆಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿದಾಗ ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ಪದರವನ್ನು ತೊಳೆದು ಕೆಳಗಿಳಿಯುತ್ತದೆ. ನೀರು, ಪೆಟ್ರೋಲ್, ಹೊಗೆಯ ಆಮ್ಲಗಳು ಸೇರಿದ ಈ ಆಯಿಲ್ ಬೇರಿಂಗ್‌ಗಳನ್ನು ಸದ್ದಿಲ್ಲದೆ ತಿನ್ನುತ್ತದೆ. ಆಯಿಲ್ ಹಾಕುವ ಮುಚ್ಚಳದ ಒಳಗಡೆ ಕಾಫಿ ನೊರೆಯಂಥ ಕೆನೆ ಕಂಡರೆ ಆಯಿಲ್‌ಗೆ ನೀರು ಸೇರಿದೆ ಎಂದರ್ಥ. (ಹೆಡ್ ಗ್ಯಾಸ್ಕೆಟ್ ಸೋರಿದರೂ ಹೀಗೇ ಆಗುತ್ತದೆ. ಮೆಕ್ಯಾನಿಕ್‌ಗೆ ಒಮ್ಮೆ ತೋರಿಸಿ.)

ಬ್ಯಾಟರಿಗಾದರೂ ಒಳ್ಳೆಯದಲ್ಲವೇ? ವಾರಗಟ್ಟಲೆ ನಿಂತು ಇಳಿದ ಬ್ಯಾಟರಿ ಐದು ನಿಮಿಷದ ಐಡ್ಲಿಂಗ್‌ನಲ್ಲಿ ತುಂಬುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಅಪಾಯ ಶೆಡ್‌ನೊಳಗೆ ಸ್ಟಾರ್ಟ್ ಮಾಡುವುದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು ಎನ್ನುವಷ್ಟರಲ್ಲಿ ಮನುಷ್ಯ ಕುಸಿದಿರಬಹುದು. ಶೆಡ್ ಬಾಗಿಲು ಅರ್ಧ ತೆರೆದಿದ್ದರೆ ಸಾಲದು. ಗಾಡಿಯನ್ನು ಹೊರಗೆ ತಳ್ಳಿಯೇ ಸ್ಟಾರ್ಟ್ ಮಾಡಬೇಕು. ಮನೆಯಲ್ಲಿ ವಯಸ್ಸಾದವರೇ ಇದ್ದರೆ ಈ ಒಂದು ಪ್ಯಾರಾವನ್ನಾದರೂ ಓದಿ ಹೇಳಿ.

ಹಾಗಾದರೆ ಏನು ಮಾಡಬೇಕು? ಓಡಿಸುವವರು ಇದ್ದರೆ ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ. ಇಲ್ಲವಾದರೆ ಸರಿಯಾಗಿ ಸಿದ್ಧಮಾಡಿ ನಿಲ್ಲಿಸಿ, ಮತ್ತೆ ಮುಟ್ಟಬೇಡಿ.

ನಿಲ್ಲಿಸುವ ಮೊದಲು ಆಯಿಲ್ ಬದಲಿಸಿ. ಹೇಗೂ ನಿಲ್ಲುವ ಗಾಡಿಗೆ ಹೊಸ ಆಯಿಲ್ ಯಾಕೆ ದಂಡ ಎಂದು ಹಲವರು ಮುಂದೂಡುತ್ತಾರೆ. ಆದರೆ ಬೇರಿಂಗ್‌ಗಳು ಆ ಆಮ್ಲದ ಕಪ್ಪು ಆಯಿಲ್‌ನಲ್ಲೇ ತಿಂಗಳುಗಟ್ಟಲೆ ಕೂತಿರುತ್ತವಲ್ಲ! ರೇಡಿಯೇಟರ್‌ಗೆ ಬೋರ್‌ವೆಲ್ ನೀರಿದ್ದರೆ ತೆಗೆದು ಕೂಲೆಂಟ್ ಹಾಕಿಸಿ.

ಪೆಟ್ರೋಲ್ ವಿಷಯದಲ್ಲಿ ಈಗ ಇನ್ನಷ್ಟು ಎಚ್ಚರ ಬೇಕು. 20% ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಯಕ್ರಮದಲ್ಲೇ ಬಿಡುಗಡೆಯಾಯಿತು. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಹೆಚ್ಚಾದರೆ ಎರಡೂ ಸೇರಿ ಪೆಟ್ರೋಲ್‌ನಿಂದ ಬೇರ್ಪಟ್ಟು ಟ್ಯಾಂಕ್ ತಳಕ್ಕೆ ಇಳಿಯುತ್ತವೆ. ತಳದಿಂದಲೇ ಅಲ್ಲವೇ ಎಂಜಿನ್‌ಗೆ ಪೆಟ್ರೋಲ್ ಹೋಗುವುದು? ಒಂದೆರಡು ತಿಂಗಳಾದರೆ ಟ್ಯಾಂಕ್ ತುಂಬಿಸಿಡಿ, ಒಳಗೆ ಗಾಳಿ ಕಡಿಮೆಯಾದಷ್ಟೂ ತೇವ ಕಡಿಮೆ. ಇನ್ನೂ ಹೆಚ್ಚು ಕಾಲವಾದರೆ ಪೂರ್ತಿ ತೆಗೆಸಿಬಿಡುವುದೇ ವಾಸಿ. ಕಾರ್ಬೊರೇಟರ್ ಗಾಡಿಯಾದರೆ ಅದರ ಬೌಲ್‌ನಲ್ಲಿ ಉಳಿದಿದ್ದನ್ನೂ ಇಳಿಸಬೇಕು, ಇಲ್ಲದಿದ್ದರೆ ಅದು ಒಣಗಿ ಅಂಟಾಗಿ ಜೆಟ್ ಕಟ್ಟಿಕೊಳ್ಳುತ್ತದೆ. ಮೈಸೂರಿನ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾದ ಯೆಜ್ಡಿಯಂಥ ಟೂ-ಸ್ಟ್ರೋಕ್ ಬೈಕ್‌ಗಳಲ್ಲಂತೂ ಆಯಿಲ್ ಪೆಟ್ರೋಲ್‌ನಲ್ಲೇ ಬೆರೆತಿರುತ್ತದೆ. ಪೆಟ್ರೋಲ್ ಆರಿದ ಮೇಲೆ ಉಳಿಯುವುದು ಬರೀ ಜಿಡ್ಡು.

ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿ. ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಬ್ರೇಕ್ ಕಚ್ಚಿಕೊಳ್ಳುತ್ತದೆ. ಗೇರ್‌ನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಇಲಿ ನುಗ್ಗದಂತೆ ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ. ಅದು ಎದ್ದು ಕಾಣುವ ಕೆಂಪು ಬಟ್ಟೆಯಾಗಿರಲಿ, ಒಂದು ತುದಿ ಹೊರಗೆ ನೇತಾಡುತ್ತಿರಲಿ.

ಮತ್ತೆ ತೆಗೆಯುವ ದಿನ ನೇರವಾಗಿ ಕೀ ತಿರುಗಿಸಬೇಡಿ. ಮೊದಲು ಆ ಬಟ್ಟೆ ತೆಗೆಯಿರಿ. ಏರ್ ಫಿಲ್ಟರ್ ಡಬ್ಬಿಯೊಳಗೆ ಇಲಿ ಗೂಡು ಕಟ್ಟಿದೆಯೇ, ವೈರ್ ಕಡಿದಿದೆಯೇ ನೋಡಿ. ಮೆಕ್ಯಾನಿಕ್ ಹತ್ತಿರ ಪ್ಲಗ್ ಬಿಚ್ಚಿಸಿ, ಪ್ರತಿ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು, ಎಂಜಿನ್ ಅನ್ನು ಕೈಯಲ್ಲೇ ನಿಧಾನ ಎರಡು ಸುತ್ತು ತಿರುಗಿಸಲು ಹೇಳಿ. ಸಲೀಸಾಗಿ ತಿರುಗಿದರೆ ಪ್ಲಗ್ ಹಾಕಿ, ಹೊಸ ಪೆಟ್ರೋಲ್ ತುಂಬಿ ಸ್ಟಾರ್ಟ್ ಮಾಡಬಹುದು. ಎಲ್ಲಾದರೂ ತಡೆದರೆ ಬಲವಂತ ಮಾಡಬೇಡಿ. ಇನ್ನಷ್ಟು ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೇ ಇಟ್ಟು, ಮರುದಿನ ಮತ್ತೆ ತಿರುಗಿಸಿ ನೋಡಲಿ.