ಸರ್ಕಾರಿ ಸೈಕಲ್ಲು, ಅದಿರು ಲಾರಿ ಮತ್ತು ಒಂದು ಗೇಣು ಅಂಚು

ಊರಿಗೆ ಹೋದಾಗಲೆಲ್ಲ ಕೊಟ್ಟಿಗೆಯಲ್ಲಿ ಒರಗಿಸಿಟ್ಟಿರುವ ನನ್ನ ಹಳೇ ಸೈಕಲ್ಲನ್ನು ಒಮ್ಮೆ ಮುಟ್ಟಿ ನೋಡಿ ಬರೋದು ಅಭ್ಯಾಸ. ಅದರ ಕ್ಯಾರಿಯರ್ ಇವತ್ತಿಗೂ ಎಡಕ್ಕೆ ವಾಲಿದೆ. ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ಲು ಅದು. ಕ್ಯಾರಿಯರ್ ವಾಲಿಸಿದ್ದು ಒಂದು ಅದಿರು ಲಾರಿ. ಈ ಎರಡೂ ನಮ್ಮ ರಸ್ತೆಗೆ ಒಂದೇ ಕಾಲಕ್ಕೆ ಬಂದು ಸೇರಿದ್ದು ಹೇಗೆ ಅಂತ ಬರೆದಿಡಬೇಕು ಅಂತ ತುಂಬಾ ದಿನದಿಂದ ಅಂದುಕೊಳ್ಳುತ್ತಿದ್ದೆ. ಇವತ್ತು ಭಾನುವಾರ, ಕರೆಂಟೂ ಇದೆ, ಕೂತಿದ್ದೇನೆ :)

ನಮ್ಮದು ಕೂಡ್ಲಿಗಿ ಸೀಮೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ.... ಈ ಐದು ಊರುಗಳನ್ನು ಬೋರ್ಡು ಬದಲಾಯಿಸುವ ಊರುಗಳು ಅನ್ನಬಹುದು. 1953ರ ಅಕ್ಟೋಬರ್ 1ರವರೆಗೆ ನಾವು ಮದ್ರಾಸಿನವರು, ಆಮೇಲೆ ಮೈಸೂರಿನವರು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ವಾಪಸ್ ಬಂದು, 2021ರಲ್ಲಿ ಉಳಿದವರ ಜೊತೆ ವಿಜಯನಗರ ಜಿಲ್ಲೆ ಸೇರಿತು. ರಸ್ತೆ ಮಾತ್ರ ಅಲ್ಲೇ ಇತ್ತು. ಮೈಲಾರದ ಜಾತ್ರೆಗೆ ಅದರ ಮೇಲೆ ಎತ್ತಿನ ಬಂಡಿಗಳು ಸಾಲುಗಟ್ಟಿ ಹೋಗುತ್ತಿದ್ದವು, ಕೊಟ್ಟೂರೇಶ್ವರನ ತೇರಿಗೆ ಈಗಲೂ ಜನ ನಡೆದೇ ಬರುತ್ತಾರೆ.

ಈ ರಸ್ತೆಗೆ ಸೈಕಲ್ ಬಂದದ್ದನ್ನು ನಾನು ಕೇಳಿದ್ದು ತಾತನ ಬಾಯಲ್ಲಿ. ಮದ್ರಾಸಿನ ಹತ್ತಿರ ಅಂಬತ್ತೂರಿನಲ್ಲಿ 1949ರಲ್ಲಿ ಟಿಐ ಸೈಕಲ್ಸ್ ಕಾರ್ಖಾನೆ ಶುರುವಾಯಿತಲ್ಲ, ಅಲ್ಲಿಂದ ಬಂದ ಹರ್ಕ್ಯುಲಿಸ್ ತಾತನದು. ಅದಕ್ಕೆ ಪಂಚಾಯ್ತಿಯ ಒಂದು ತಗಡಿನ ಬಿಲ್ಲೆ ಇತ್ತು. ಸೈಕಲ್ ಹೋಗಿದೆ, ಬಿಲ್ಲೆ ಪೆಟ್ಟಿಗೆಯಲ್ಲಿ ಉಳಿದಿದೆ. ರಾತ್ರಿ ದೀಪವಿಲ್ಲದೆ ಹೊರಟರೆ ದಂಡ, ಡಬಲ್ ರೈಡಿಂಗ್ ಮಾಡಿದರೆ ಪೊಲೀಸರು ಗಾಳಿ ಬಿಡುತ್ತಿದ್ದರಂತೆ. ಇಷ್ಟೆಲ್ಲ ಕಾಯಿದೆ ಸೈಕಲ್ಲಿನವನಿಗೆ. ಎದುರಿಗೆ ಮೋಟ್ರು ಬಂದರೆ ಏನು ಮಾಡ್ತಿದ್ರಿ ತಾತ ಅಂದರೆ, "ನಾವೇ ಇಳೀಬೇಕಪ್ಪ, ಅದಕ್ಕೇನು ಕಣ್ಣೈತಾ?" ಅನ್ನುತ್ತಿದ್ದ.

ಇದು ಬರೀ ನಮ್ಮೂರಿನ ಕಥೆಯಲ್ಲ. 1896ರ ಮೇ 30ರಂದು ನ್ಯೂಯಾರ್ಕಿನಲ್ಲಿ ಒಂದು ಮೋಟಾರು ಗಾಡಿ ಸೈಕಲ್ ಮೇಲೆ ಹೋಗುತ್ತಿದ್ದ ಹೆಂಗಸಿಗೆ ಗುದ್ದಿ ಅವಳ ಕಾಲು ಮುರಿಯಿತು. ಅಮೆರಿಕದ ಮೊದಮೊದಲ ಕಾರು ಅಪಘಾತ ಅಂತ ಹೆಸರಿಸುವುದು ಅದನ್ನೇ. ಸೈಕಲ್ಲು ಮತ್ತು ಮೋಟಾರು ಭೇಟಿಯಾದದ್ದೇ ಹಾಗೆ!

ತಾತ ಇಳಿಯುತ್ತಿದ್ದ ಮಣ್ಣಿನ ಅಂಚು ಆಗ ಟಾರಿಗೆ ಸಮವಾಗಿತ್ತು. ಅದೇ ದೊಡ್ಡ ಅನುಕೂಲ. ನನ್ನ ಕಾಲಕ್ಕೆ ಬರುವಷ್ಟರಲ್ಲಿ ಟಾರಿನ ಮೇಲೆ ಟಾರು, ಅದರ ಮೇಲೆ ಮತ್ತೊಂದು ಟಾರು ಬಿದ್ದು ರಸ್ತೆ ಮೇಲೇರಿತ್ತು. ಪಕ್ಕದ ಮಣ್ಣು ಮಳೆಗೆ ಕೊಚ್ಚಿ, ಲಾರಿ ಗಾಲಿಗೆ ತುಳಿದು ಕೆಳಗಿಳಿದಿತ್ತು. ಮಧ್ಯೆ ಒಂದು ಗೇಣು ಅಂಚು. ಇಲ್ಲಿ ಸ್ವಲ್ಪ ಲೆಕ್ಕ ಹೇಳುತ್ತೇನೆ, ಇಂಜಿನಿಯರಿಂಗ್ ಓದಿದ್ದಕ್ಕೆ ಕ್ಷಮಿಸಿ. ಸೊಲ್ಲಾಪುರದಿಂದ ಮಂಗಳೂರಿಗೆ ಹೋಗುವ ಆಗಿನ ರಾಷ್ಟ್ರೀಯ ಹೆದ್ದಾರಿ 13 ನಮ್ಮಲ್ಲಿ ಎರಡು ಪಥದ್ದು, ಟಾರಿನ ಅಗಲ ಹೆಚ್ಚುಕಡಿಮೆ ಏಳು ಮೀಟರ್. ಲಾರಿಯ ಅಗಲ ಎರಡೂವರೆ. ಎರಡು ಲಾರಿ ಎದುರುಬದುರಾದರೆ ಐದು ಮೀಟರ್ ಹೋಯಿತು. ಉಳಿದ ಎರಡರಲ್ಲಿ ಅವೆರಡರ ನಡುವಿನ ಜಾಗ, ಕನ್ನಡಿಗಳು ಎಲ್ಲ ಕಳೆದು ಉಳಿದದ್ದರಲ್ಲಿ ಸೈಕಲ್ಲಿನವನು ಹಿಡಿಯಬೇಕು. ಹಿಡಿಯಲ್ಲ.

ಲಾರಿಗಳು ಎಷ್ಟು ಅಂತ ಹೊಸಪೇಟೆ, ಸಂಡೂರು ಕಡೆಯವರಿಗೆ ಹೇಳಬೇಕಾಗಿಲ್ಲ. ಬೀಜಿಂಗ್ ಒಲಿಂಪಿಕ್ಸ್ ನಡೆದದ್ದು 2008ರಲ್ಲಿ. ಅದಕ್ಕೆ ನಾಲ್ಕೈದು ವರ್ಷ ಮುಂಚಿನಿಂದಲೇ ಚೀನಾಕ್ಕೆ ಕಬ್ಬಿಣ ಎಷ್ಟಿದ್ದರೂ ಸಾಲದಾಯಿತು. ಸಂಡೂರಿನ ಗುಡ್ಡ ಕರಗಿ ಬಂದರುಗಳ ಕಡೆ ಹೊರಟಿತು. ಹತ್ತು ಗಾಲಿಯ ಲಾರಿ ಆಗ ಕಾನೂನು ಪ್ರಕಾರ ತನ್ನ ತೂಕವೂ ಸೇರಿ 25 ಟನ್ ಮೀರುವಂತಿರಲಿಲ್ಲ (2018ರಲ್ಲಿ ಅದನ್ನು 28.5ಕ್ಕೆ ಏರಿಸಿದರು). ಓವರ್‌ಲೋಡ್ ನಿಲ್ಲಿಸಿ ಅಂತ ಸುಪ್ರೀಂ ಕೋರ್ಟ್ 2005ರ ನವೆಂಬರಿನಲ್ಲೇ ಹೇಳಿತ್ತು. 2008ರ ಡಿಸೆಂಬರಿನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಕೊಟ್ಟ ಮೊದಲ ವರದಿಯಲ್ಲೂ ಅದಿರು ಲಾರಿಗಳ ಓವರ್‌ಲೋಡ್ ವಿಷಯ ಇತ್ತು. ಕೆಂಪು ಧೂಳು ಮಾತ್ರ ನಮ್ಮ ಬಿಳಿ ಅಂಗಿ ಬಿಡಲಿಲ್ಲ.

ಇನ್ನು ಸೈಕಲ್ಲು. 2006-07ರಲ್ಲಿ, ಕುಮಾರಸ್ವಾಮಿ ಮುಖ್ಯಮಂತ್ರಿ, ಯಡಿಯೂರಪ್ಪ ಹಣಕಾಸು ಮಂತ್ರಿ ಆಗಿದ್ದಾಗ, ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಬಂತು. ಮುಂದಿನ ವರ್ಷ ಗಂಡುಮಕ್ಕಳಿಗೂ ಸಿಕ್ಕಿತು. ಬೈಯಬೇಡಿ, ಇದು ಒಳ್ಳೆಯ ಯೋಜನೆ. ಹೈಸ್ಕೂಲು ಐದಾರು ಕಿಲೋಮೀಟರ್ ದೂರ ಅನ್ನೋ ಕಾರಣಕ್ಕೆ ಮನೆಯಲ್ಲಿ ಕೂರಬೇಕಿದ್ದ ನಮ್ಮ ಓಣಿಯ ಅಕ್ಕಂದಿರು ಎಸ್ಸೆಸ್ಸೆಲ್ಸಿ ಮುಗಿಸಿದ್ದು ಅದರಿಂದಲೇ. ಆದರೆ ಸೈಕಲ್ಲಿನ ಫೈಲು ಶಿಕ್ಷಣ ಇಲಾಖೆಯದು, ಲಾರಿಯದು ಸಾರಿಗೆಯವರದು, ಅದಿರಿನದು ಗಣಿಯವರದು, ರಸ್ತೆ ಹೆದ್ದಾರಿಯವರದು. ನಾಲ್ಕು ಫೈಲುಗಳನ್ನು ಒಂದು ಮೇಜಿನ ಮೇಲಿಟ್ಟು ನೋಡಿದ್ದರೆ, ಹದಿಮೂರು ವರ್ಷದ ಮಕ್ಕಳನ್ನು ಆ ಒಂದು ಗೇಣು ಅಂಚಿನ ಮೇಲೆ ಬಿಡುತ್ತಿದ್ದೇವೆ ಅಂತ ಯಾರಿಗಾದರೂ ಹೊಳೆಯುತ್ತಿತ್ತೇನೋ.

ನನಗೆ ಸೈಕಲ್ ಸಿಕ್ಕಿದ್ದು 2009ರಲ್ಲಿ. 2010ರ ಚಳಿಗಾಲದ ಒಂದು ಬೆಳಿಗ್ಗೆ ಸ್ಕೂಲಿಗೆ ಹೊರಟಿದ್ದೆ. ಎದುರಿಂದ ಒಂದು ಲಾರಿ, ಹಿಂದಿನಿಂದ ಹಾರ್ನ್ ಹೊಡೆಯುತ್ತಾ ಇನ್ನೊಂದು. ತಾತ ಹೇಳಿದಂತೆ ಇಳಿದೆ. ಮುಂದಿನ ಗಾಲಿ ಗೇಣು ಕೆಳಗೆ ಧಡಕ್ಕನೆ ಬಿತ್ತು. ಮುಂದೆ ಜಲ್ಲಿಗುಪ್ಪೆ ಕಾಣಿಸಿ ಮತ್ತೆ ಟಾರಿಗೆ ಹತ್ತಿಸಲು ಹ್ಯಾಂಡಲ್ ತಿರುಗಿಸಿದೆ. ತಪ್ಪಾದದ್ದೇ ಅಲ್ಲಿ. ಟೈರು ಅಂಚಿಗೆ ಉಜ್ಜುತ್ತಾ ಹೋಗುತ್ತೆ ಹೊರತು ಹತ್ತಲ್ಲ, ಆದರೆ ಮೈ ಆಗಲೇ ಬಲಕ್ಕೆ ವಾಲಿರುತ್ತೆ. ಅಂದರೆ ಬೀಳುವುದು ಮಣ್ಣಿನ ಕಡೆಗಲ್ಲ, ಲಾರಿ ಕಡೆಗೆ. ಜೊತೆಗೆ ಗಾಳಿ. ದೊಡ್ಡ ಗಾಡಿ ಹಾಯುವಾಗ ಮೊದಲು ಹೊರಗೆ ತಳ್ಳುತ್ತೆ, ಆಮೇಲೆ ಒಳಕ್ಕೆ ಎಳೆಯುತ್ತೆ. ಫ್ಲೂಯಿಡ್ ಮೆಕ್ಯಾನಿಕ್ಸ್ ಕ್ಲಾಸಿನಲ್ಲಿ ಇದನ್ನು ಬರೆದುಕೊಳ್ಳುವಾಗ ನನ್ನ ಅಂಗೈ ಬೆವರಿತ್ತು.

ಮುಂದಿನ ಗಾಲಿಗೂ ಹಿಂದಿನ ಗಾಲಿಗಳಿಗೂ ನಡುವೆ ಖಾಲಿ ಜಾಗ ಇರುತ್ತಲ್ಲ, ಅದರೊಳಗಿಂದ ರಸ್ತೆಯ ಆಚೆ ಬದಿಯ ಬೇವಿನ ಮರ ಕಾಣಿಸಿತು. ಅಷ್ಟು ಹತ್ತಿರ. ಆಗ ಧಬಧಬ ಅಂತ ಡೋರು ಬಡಿದ ಸದ್ದು, "ಹೋಲ್ಡನ್! ಹೋಲ್ಡನ್!" ಅನ್ನೋ ಕೂಗು. ಬ್ರೇಕು ಕಿರುಚಿತು. ಲಾರಿ ಬಲಕ್ಕೆ ಎಳೆದುಕೊಂಡಿತು. ಅದರ ಹಿಂದಿನ ಮೂಲೆ ಕ್ಯಾರಿಯರಿಗೆ ತಾಗಿ ನನ್ನನ್ನು ಮಣ್ಣಿಗೆ ಎಸೆಯಿತು.

ಐವತ್ತು ಮಾರು ಮುಂದೆ ಹೋಗಿ ನಿಂತಿತು. ಇಳಿದು ಓಡಿ ಬಂದವನು ಕ್ಲೀನರ್. ನನಗಿಂತ ಎರಡು ವರ್ಷ ದೊಡ್ಡವನಿರಬಹುದು, ಮೀಸೆ ಇನ್ನೂ ಬಂದಿರಲಿಲ್ಲ. ರೆಪ್ಪೆಯವರೆಗೂ ಅದಿರಿನ ಕೆಂಪು.

"ಏನ್ ತಮ್ಮಾ, ಪೆಟ್ಟಾತಾ?"

"ಇಲ್ಲಣ್ಣ."

ನಂಬಲಿಲ್ಲ. ಮೊಣಕೈ ತಿರುಗಿಸಿ ನೋಡಿದ, ಬಾಟಲಿ ನೀರು ಹಾಕಿ ತೊಳೆದ. ಮುಂದಿನ ಗಾಲಿಯನ್ನು ಎರಡು ಮೊಣಕಾಲ ನಡುವೆ ಸಿಗಿಸಿಕೊಂಡು ಹ್ಯಾಂಡಲ್ ನೆಟ್ಟಗೆ ಮಾಡಿದ. ಡ್ರೈವರ್ ಟ್ರಿಪ್ಪಿಗೆ ಲೇಟಾಯ್ತು ಅಂತ ಹಾರ್ನ್ ಒತ್ತುತ್ತಲೇ ಇದ್ದ. "ಸೈಡ್ ಹಿಡ್ಕಂಡು ಹೋಗು," ಅಂದ. ಸೈಡ್ ಎಲ್ಲೈತಣ್ಣ ಅಂದೆ. ಅವನು ಆ ಅಂಚನ್ನು ನೋಡಿದ, ಏನೂ ಹೇಳದೆ ಓಡಿ ಹೋಗಿ ಲಾರಿ ಹತ್ತಿದ. ಅವನೂ ಎಂಟನೇ ಕ್ಲಾಸು ಸೇರಿದ್ದರೆ ಅವನಿಗೂ ಒಂದು ಸೈಕಲ್ ಸಿಗುತ್ತಿತ್ತು ಅಂತ ನನಗೆ ಹೊಳೆದದ್ದು ಎಷ್ಟೋ ವರ್ಷ ಆದಮೇಲೆ.

ಆಮೇಲಿನದು ನಿಮಗೆಲ್ಲ ಗೊತ್ತಿರುವುದೇ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಷೇಧಿಸಿತು. 2011ರ ಜುಲೈ 27ಕ್ಕೆ ಲೋಕಾಯುಕ್ತರ ಎರಡನೇ ವರದಿ, 29ಕ್ಕೆ ಬಳ್ಳಾರಿ ಗಣಿಗಾರಿಕೆಗೆ ಸುಪ್ರೀಂ ಕೋರ್ಟಿನ ತಡೆ, 31ಕ್ಕೆ ಅಷ್ಟು ಹೊತ್ತಿಗೆ ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರ ರಾಜೀನಾಮೆ. ನಾನಾಗ ಹತ್ತನೇ ಕ್ಲಾಸು. ರಸ್ತೆ ಎಷ್ಟು ಖಾಲಿಯಾಯಿತು ಅಂದರೆ ಟಾರಿನ ನಡುವೆಯೇ ಸೈಕಲ್ ಹೊಡೆದೆವು. ಸಾಲ ಮಾಡಿ ಲಾರಿ ಕೊಂಡಿದ್ದ ನಮ್ಮ ಸಂಬಂಧಿಕರೊಬ್ಬರ ಮನೆಯಲ್ಲಿ ಮಾತ್ರ ಆ ವರ್ಷ ದೀಪಾವಳಿ ಆಗಲಿಲ್ಲ.

ಈಗ ಆ ರಸ್ತೆಗೆ 50ನೇ ನಂಬರು, ನಾಲ್ಕು ಪಥ, ನಡುವೆ ಡಿವೈಡರು. ಎಂಟನೇ ಕ್ಲಾಸಿನ ಸೈಕಲ್ ಕೊಡುವುದು 2020ರಲ್ಲಿ ಕೋವಿಡ್ ಬಂದಾಗ ನಿಂತಿತು. ಮೊನ್ನೆ ಊರಿಗೆ ಹೋಗಿದ್ದಾಗ ಅವ್ವ, "ಸುಮ್ನೆ ತುಕ್ಕು ಹಿಡೀತೈತಿ, ಪಕ್ಕದ್ಮನೆ ಹುಡುಗಿಗೆ ಕೊಡು, ಎಂಟನೇತ್ತಕ್ಕೆ ಹೋಗಾಕತ್ತೈತಿ" ಅಂದಳು. ಟೈರು, ಟ್ಯೂಬು ಹಾಕಿಸಿದೆ, ಬ್ರೇಕು ಬಿಗಿ ಮಾಡಿಸಿದೆ. ಆದರೆ ಅವಳ ಸ್ಕೂಲಿರುವುದು ಹೆದ್ದಾರಿಯ ಆಚೆ ಬದಿಗೆ. ಕೊಡೋ ಮುಂಚೆ ನಾನೇ ಒಂದು ಸಲ ತುಳಿದು ನೋಡಿದೆ. ಡಿವೈಡರ್ ತೆರೆದಿರುವ ಜಾಗ ನಮ್ಮೂರ ಕ್ರಾಸಿನಿಂದ ಒಂದೂಕಾಲು ಕಿಲೋಮೀಟರ್ ಮುಂದಿದೆ. ಅಷ್ಟು ಸುತ್ತಲಾರದೆ ಊರಿನವರೆಲ್ಲ ಎದುರು ದಿಕ್ಕಿನಲ್ಲೇ, ಲಾರಿಗಳಿಗೆ ಮುಖ ಕೊಟ್ಟು, ಅಂಚು ಹಿಡಿದು ಬರುತ್ತಾರೆ. ನಾನೂ ಹಾಗೇ ಬಂದೆ. ಸೈಕಲ್ಲು ಸದ್ಯಕ್ಕೆ ಕೊಟ್ಟಿಗೆಯಲ್ಲೇ ಇದೆ.