ಪಾದರಸದ ಹನಿ, ಚೆಕ್ ನುಡಿ

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ರಸಾಯನ ವಿಜ್ಞಾನಿಯೊಬ್ಬನ ಗೊಡವೆ ಏಕೆಂದು ತಾವು ಕೇಳಬಹುದು. ಯಾರೊಸ್ಲಾವ್ ಹೇರೋವ್‌ಸ್ಕಿಯ ಚರಿತ್ರೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಒಂದಿದೆ. ಆತನಿಗೆ ನೊಬೆಲ್ ಪಾರಿತೋಷಕ ತಂದುಕೊಟ್ಟ ಶೋಧ 1922ರಲ್ಲಿ ಮೊದಲು ಬೆಳಕು ಕಂಡದ್ದು ಇಂಗ್ಲಿಷಿನಲ್ಲಲ್ಲ, ಜರ್ಮನ್ನಿನಲ್ಲೂ ಅಲ್ಲ. ‘ಖೆಮಿಟ್ಸ್‌ಕೆ ಲಿಸ್ಟಿ’ ಎಂಬ ಪತ್ರಿಕೆಯಲ್ಲಿ, ಆತನ ತಾಯ್ನುಡಿಯಾದ ಚೆಕ್ಕಿನಲ್ಲಿ.

ಆತ ಹುಟ್ಟಿದ್ದು 1890ರ ಡಿಸೆಂಬರಿನಲ್ಲಿ, ಪ್ರಾಗ್ ನಗರದಲ್ಲಿ. ಅದು ಆಗ ಆಸ್ಟ್ರಿಯಾದ ಚಕ್ರವರ್ತಿಯ ಆಳ್ವಿಕೆಗೆ ಸೇರಿತ್ತು. ಅಲ್ಲಿನ ಪುರಾತನ ವಿಶ್ವವಿದ್ಯಾನಿಲಯ 1882ರಲ್ಲೇ ಭಾಷೆಯ ಕಾರಣಕ್ಕೆ ಜರ್ಮನ್ ಮತ್ತು ಚೆಕ್ ಎಂದು ಎರಡಾಗಿ ಒಡೆದಿತ್ತು. ಚೆಕ್ ಭಾಗದಲ್ಲಿ ತಂದೆ ರೋಮನ್ ನ್ಯಾಯಶಾಸ್ತ್ರದ ಪ್ರಾಧ್ಯಾಪಕ. ಮಗ 1910ರಲ್ಲಿ ಲಂಡನ್ನಿಗೆ ಹೋದ. ಡಾನನ್ ಎಂಬ ಗುರುವಿನ ಬಳಿ ವಿದ್ಯುದ್ರಸಾಯನದ ರುಚಿ ಹತ್ತಿಸಿಕೊಂಡ. ಮಹಾಯುದ್ಧ ಬಂದಾಗ ಸೈನಿಕ ಆಸ್ಪತ್ರೆಯಲ್ಲಿ ಔಷಧ ಬೆರೆಸುವ ಕೆಲಸ ಪಾಲಿಗೆ ಬಂತು.

1918ರ ಸೆಪ್ಟೆಂಬರಿನಲ್ಲಿ ಡಾಕ್ಟರೇಟಿನ ಮೌಖಿಕ ಪರೀಕ್ಷೆ. ಚೆಕ್ ಜನ ಸ್ವತಂತ್ರರಾಗಲು ಇನ್ನೊಂದೇ ತಿಂಗಳು. ಪರೀಕ್ಷಕರಲ್ಲಿ ಒಬ್ಬ ಬೋಹುಮಿಲ್ ಕುಚೇರ. ಪಾದರಸದ ಹನಿಗಳನ್ನು ತೂಗಿ ಅದರ ಮೇಲ್ಮೈ ಎಳೆತವನ್ನು ಅಳೆಯುವ ಕ್ರಮ ಆತನದು. ಆದರೆ ಬಂದ ಫಲ ಹಳೆಯ ವಿಧಾನದ ಫಲದೊಡನೆ ತಾಳೆಯಾಗುತ್ತಿರಲಿಲ್ಲ. ಈ ತೊಡಕನ್ನು ಬಿಡಿಸು ಎಂದು ಹುಡುಗನ ಕೈಗೆ ಒಪ್ಪಿಸಿದ. ಪರೀಕ್ಷಕ ತನಗೆ ಉತ್ತರ ತಿಳಿಯದ ಪ್ರಶ್ನೆಯನ್ನು ಕೇಳುವುದು ನಮ್ಮಲ್ಲಿ ಅಪರೂಪವೇ ಸರಿ.

ಹೇರೋವ್‌ಸ್ಕಿ ವರ್ಷಗಟ್ಟಲೆ ಹನಿ ತೂಗಿದ. ಕೊನೆಗೆ ತೂಗುವುದನ್ನು ಬದಿಗಿಟ್ಟು, ಹನಿಯ ಮೂಲಕ ಹರಿಯುವ ವಿದ್ಯುತ್ತನ್ನೇ ಏಕೆ ಅಳೆಯಬಾರದು ಎಂದುಕೊಂಡ. ಕೂದಲೆಳೆಯಂಥ ರಂಧ್ರವುಳ್ಳ ಗಾಜಿನ ನಾಳದಿಂದ ಕೆಲವು ಕ್ಷಣಗಳಿಗೊಂದರಂತೆ ಪಾದರಸ ದ್ರಾವಣದೊಳಕ್ಕೆ ಹನಿಯುತ್ತದೆ. ಪ್ರತಿ ಹನಿಯೂ ಹೊಸತು, ಹಿಂದಿನದರ ಕೊಳೆ ಅದಕ್ಕೆ ಅಂಟಿರುವುದಿಲ್ಲ. ಇಡೀ ವಿಧಾನದ ಜೀವಾಳ ಇದೇ. ವಿದ್ಯುದೊತ್ತಡವನ್ನು ಮೆಲ್ಲಮೆಲ್ಲನೆ ಏರಿಸುತ್ತ ಹೋದರೆ ಪ್ರವಾಹ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೆಟ್ಟಿಲು ಯಾವ ಒತ್ತಡದಲ್ಲಿ ಬಂತೆಂಬುದು ದ್ರಾವಣದಲ್ಲಿರುವ ವಸ್ತು ಯಾವುದೆಂದು ಹೇಳುತ್ತದೆ. ಎಷ್ಟು ಎತ್ತರವಿದೆಯೆಂಬುದು ಅದು ಎಷ್ಟಿದೆಯೆಂದು ಹೇಳುತ್ತದೆ. ಲೀಟರಿಗೆ ಒಂದು ಮೋಲಿನ ಲಕ್ಷದಲ್ಲೊಂದು ಪಾಲಿದ್ದರೂ ಸಾಕು. 1922ರ ಫೆಬ್ರವರಿ 10ರಂದು ಈ ಮೆಟ್ಟಿಲುಗಳು ಮೊದಲು ಕಣ್ಣಿಗೆ ಬಿದ್ದವು. ಪ್ರಶ್ನೆ ಕೇಳಿದ ಕುಚೇರ ಹಿಂದಿನ ವರ್ಷವೇ ತೀರಿಕೊಂಡಿದ್ದ.

ಜಪಾನಿನಿಂದ ಬಂದಿದ್ದ ಶಿಕಾಟ ಎಂಬಾತನೊಡನೆ ಸೇರಿ, ಈ ರೇಖೆಯನ್ನು ಛಾಯಾಚಿತ್ರದ ಕಾಗದದ ಮೇಲೆ ತಾನೇ ಬರೆಯುವ ಯಂತ್ರವನ್ನು 1924ರಲ್ಲಿ ಮಾಡಿದ. ಅದೇ ಪೋಲರೋಗ್ರಾಫ್. ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯಿತು.

ಚೆಕ್ಕಿನಲ್ಲಿ ಬರೆದರೆ ಓದುವವರಾರು? ಈ ಪ್ರಶ್ನೆ ಆತನನ್ನೂ ಬಿಡಲಿಲ್ಲ. ಆತ ತಾಯ್ನುಡಿಯನ್ನೂ ಬಿಡಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ. 1929ರಲ್ಲಿ ವೊಟೊಚೆಕ್ ಎಂಬ ಸಹೋದ್ಯೋಗಿಯೊಡನೆ ಇನ್ನೊಂದು ಪತ್ರಿಕೆಯನ್ನು ಆರಂಭಿಸಿದ. ಚೆಕ್ ಸಂಶೋಧನೆಗಳನ್ನು ಇಂಗ್ಲಿಷ್, ಫ್ರೆಂಚ್ ಭಾಷೆಗಳಲ್ಲಿ ಹೊರಗೆ ಕಳಿಸುವುದಕ್ಕೆಂದೇ. ಒಬ್ಬ ಇಂಗ್ಲಿಷ್ ನೋಡಿಕೊಂಡ, ಇನ್ನೊಬ್ಬ ಫ್ರೆಂಚ್. 1939ರ ನವೆಂಬರಿನಲ್ಲಿ ನಾಟ್ಸಿಗಳು ಚೆಕ್ ವಿಶ್ವವಿದ್ಯಾನಿಲಯಗಳಿಗೆ ಬೀಗ ಹಾಕಿದರು. ನಾಟ್ಸಿಗಳನ್ನು ಒಪ್ಪದ ಬ್ಯೋಮ್ ಎಂಬ ಜರ್ಮನ್ ಪ್ರಾಧ್ಯಾಪಕನ ನೆರವಿನಿಂದ ಈತನ ಪ್ರಯೋಗಶಾಲೆಯ ಕೆಲಸ ಮಾತ್ರ ನಡೆಯಿತು. ಆ ದಿನಗಳಲ್ಲೇ, 1941ರಲ್ಲಿ, ಆತನ ದೊಡ್ಡ ಗ್ರಂಥ ಹೊರಬಂದದ್ದು ಜರ್ಮನ್ನಿನಲ್ಲಿ. ಈ ವಿಪರ್ಯಾಸವನ್ನು ಯೋಚಿಸಿದಾಗ ನನಗೆ ಕಸಿವಿಸಿಯಾಗುತ್ತದೆ.

ಬೆಂಗಳೂರಿನಲ್ಲಿ ರಾಮನ್ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ 1955ರಲ್ಲಿ ಹೇರೋವ್‌ಸ್ಕಿಯನ್ನು ಗೌರವ ಸದಸ್ಯನನ್ನಾಗಿ ಆರಿಸಿತು. ನೊಬೆಲ್ ಸಮಿತಿಗೆ ಇನ್ನೂ ನಾಲ್ಕು ವರ್ಷ ಬೇಕಾಯಿತು. 1959ರಲ್ಲಿ ಪಾರಿತೋಷಕ ಬಂದಾಗ ಹನಿಯ ಶೋಧಕ್ಕೆ ಮೂವತ್ತೇಳು ವರ್ಷ ತುಂಬಿತ್ತು. 1967ರ ಮಾರ್ಚಿನಲ್ಲಿ ಆತ ತೀರಿಕೊಂಡ.

ಪಾದರಸ ವಿಷವೆಂದು ಇಂದು ಪ್ರಯೋಗಶಾಲೆಗಳು ಅದರಿಂದ ದೂರ ಸರಿದಿವೆ. ಘನ ವಿದ್ಯುದ್ದ್ವಾರಗಳು ಬಂದಿವೆ. ಪರಭಾಷೆಗಳಿಗಾಗಿ ಹುಟ್ಟಿದ ಆ ಪತ್ರಿಕೆ 2011ರಲ್ಲಿ ತನ್ನ ಹೆಸರನ್ನು ಕಳೆದುಕೊಂಡು, ಯುರೋಪಿನ ಇನ್ನೊಂದು ಪತ್ರಿಕೆಗೆ ಎಡೆಮಾಡಿಕೊಟ್ಟಿತು. ‘ಖೆಮಿಟ್ಸ್‌ಕೆ ಲಿಸ್ಟಿ’ ಮಾತ್ರ ಪ್ರಾಗಿನಿಂದ ಇಂದಿಗೂ ಹೊರಡುತ್ತಿದೆ, ಬಹುಮಟ್ಟಿಗೆ ಚೆಕ್ಕಿನಲ್ಲೇ.